ಅಳಿಸುವ ಗುಂಡಿ

ಎತ್ತನ್ನು ಮಾರುವವನು ಎತ್ತಿನ ತಪ್ಪನ್ನು ತಾನಾಗಿ ಹೇಳಬೇಕೆ, ಅಥವಾ ಕೊಳ್ಳುವವನೇ ಅದನ್ನು ಕಂಡುಕೊಳ್ಳಬೇಕೆ? ಪ್ರಶ್ನೆ ಹಳೆಯದು. ಸಂತೆ ಹುಟ್ಟಿದ ದಿನವೇ ಇದೂ ಹುಟ್ಟಿರಬೇಕು. ನಾನು ಇದನ್ನು ಮತ್ತೆ ಕೈಗೆತ್ತಿಕೊಂಡುದಕ್ಕೆ ಕಾರಣ ಎತ್ತಲ್ಲ. ಒಂದು ಮೋಟಾರು ಗಾಡಿ, ಅದಕ್ಕೆ ಸಿಕ್ಕಿಸಿದ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಉಪಕರಣ, ಮತ್ತು ಫೋನಿನ ಗಾಜಿನ ಮೇಲೆ ಮೂಡುವ ಒಂದು ಗುಂಡಿ. ಆ ಗುಂಡಿಯನ್ನು ನಾನು ಒತ್ತಲಿಲ್ಲ; ಒತ್ತುವಾಗ ಪಕ್ಕದಲ್ಲಿ ನಿಂತಿದ್ದೆ. ಇವೆರಡರ ನಡುವೆ ಅಂತರವೆಷ್ಟು ಎಂಬುದನ್ನು ಲೆಕ್ಕ ಹಾಕುತ್ತ ಕೆಲವು ತಿಂಗಳು ಕಳೆದಿದ್ದೇನೆ. ಲೆಕ್ಕ ಹಾಕಿದಷ್ಟೂ ಆ ಅಂತರ ಕಿರಿದಾಗುತ್ತಿದೆ.

ನನ್ನ ಊರು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ. ಕೆಲಸ, ಕಾಲೇಜೊಂದರಲ್ಲಿ ಕನ್ನಡ ಕಲಿಸುವುದು. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಕೊಲ್ಲಾರಿ ಬಂಡಿ ಇದ್ದಿತು. ನವರಾತ್ರಿಯಲ್ಲಿ ದೇವರಗುಡ್ಡದ ಮೈಲಾರಲಿಂಗನ ಕಾರಣಿಕ ಕೇಳಲು ಅದರಲ್ಲಿಯೇ ಹೋಗುತ್ತಿದ್ದೆವು. ಎರಡು ದಿನ ಆ ಬಂಡಿಯೇ ಮನೆ. ರೊಟ್ಟಿಯ ಗಂಟು, ನೀರಿನ ಕೊಡ, ಕೌದಿ, ಕಂದೀಲು, ಎತ್ತಿಗೆ ಹೊಟ್ಟು, ಎಲ್ಲವೂ ಅದರೊಳಗೆ. ಅಪ್ಪ ಮುಂದೆ ಕುಳಿತು ಹಗ್ಗ ಹಿಡಿದಿದ್ದರೂ ಅವನ ಕಿವಿ ಹಿಂದೆ ಇರುತ್ತಿತ್ತು. "ಬಲಗಾಲಿ ಅಳಾಕ ಹತ್ತೇತಿ" ಎಂದು ಇಳಿದು, ಕಡಾಣಿ ತೆಗೆದು, ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಮತ್ತೆ ಏರುತ್ತಿದ್ದ. ನಮಗೆ ಯಾರಿಗೂ ಕೇಳಿಸದ ಅಳು ಅವನೊಬ್ಬನಿಗೆ ಕೇಳಿಸುತ್ತಿತ್ತು.

ಅದೇ ಅಪ್ಪ ಒಮ್ಮೆ ಹಾವೇರಿಯ ದನದ ಸಂತೆಯಲ್ಲಿ ಒಂದು ಎತ್ತು ಮಾರಿದ. ದಲ್ಲಾಳಿಯ ಟವೆಲಿನ ಕೆಳಗೆ ಬೆರಳುಗಳು ಮಾತಾಡಿ ಬೆಲೆ ಗೊತ್ತಾಯಿತು. ಇನ್ನು ಹಣ ಎಣಿಸಬೇಕು, ಅಷ್ಟರಲ್ಲಿ ಅಪ್ಪ, "ಇದು ಕೆಸರಿನ್ಯಾಗ ನೊಗಾ ಹೂಡಿದ್ರ ಒಮ್ಮೊಮ್ಮೆ ಮಲಗತೇತಿ. ಹೊಡದ್ರ ಏಳೂದಿಲ್ಲ, ನಿಂತು ಕಾಯಬೇಕು" ಎಂದ. ದಲ್ಲಾಳಿ ಹಣೆ ಬಡಿದುಕೊಂಡ. ಬೆಲೆ ಇಳಿಯಿತು. ಮರಳಿ ಬರುವಾಗ ನಾನು, "ಯಾಕಪ್ಪ ಹೇಳಿದಿ? ಅವರು ಕೇಳಿರಲಿಲ್ಲಲ್ಲ" ಎಂದೆ. ಅಪ್ಪ, "ಎತ್ತಿಗೆ ಬಾಯಿಲ್ಲೋ ತಮ್ಮಾ. ಅದರ ಬಾಯಿ ನಾವ ಆಗಬೇಕು" ಎಂದ. ಈ ಮಾತನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ, ವಿದ್ಯಾರ್ಥಿಗಳು ತಲೆದೂಗಿದ್ದಾರೆ. ನಮ್ಮದೇ ತಾಲೂಕಿನ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯನ ಪಾಠ ಬಂದಾಗಲಂತೂ, ದೋಣಿಯಲ್ಲಿ ತೂತು ಇರುವುದು ಬಲ್ಲ ಅಂಬಿಗ ಅದನ್ನು ದಡದಲ್ಲಿಯೇ ಹೇಳಬೇಕಲ್ಲದೆ ನಡುಹೊಳೆಯಲ್ಲಿ ಅಲ್ಲ ಎಂದು ಭಾಷಣವನ್ನೇ ಮಾಡಿದ್ದೇನೆ. ಮಾತು ಎಷ್ಟು ಸುಲಭ!

ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನೂ ನಾನೂ ಕೂಡಿ, 2018ರ ಮಾದರಿಯ ಹದಿಮೂರು ಸೀಟಿನ ಡೀಸೆಲ್ ವ್ಯಾನೊಂದನ್ನು ಎರಡನೆಯ ಕೈಯಿಂದ ಕೊಂಡೆವು. ಸೀಟುಗಳನ್ನು ಬಿಚ್ಚಿ ಒಳಗೆ ಎರಡು ಹಲಗೆಯ ಮಂಚ, ಒಂದು ಗ್ಯಾಸಿನ ಒಲೆ, ನೀರಿನ ತೊಟ್ಟಿ, ಒಂದು ಕಪಾಟು ಇಡಿಸಿ, ಅದಕ್ಕೆ ಬೇಕಾದ ಕಾಗದಪತ್ರಗಳನ್ನೂ ಮಾಡಿಸಿಕೊಂಡೆವು. ಹೊರನಾಡಿನವರು ಮೋಟಾರುಮನೆ ಎಂದು ಹೆಮ್ಮೆಯಿಂದ ಕರೆಯುವುದು ಇದನ್ನೇ. ನಮ್ಮ ತಾಯಿ ಅದನ್ನು ನೋಡಿ, "ಕೊಲ್ಲಾರಿ ಬಂಡಿಗೆ ಎತ್ತು ಬಿಚ್ಚೀರಿ, ಅಷ್ಟ" ಎಂದಳು. ಹಂಪೆ, ಬಾದಾಮಿ, ಬನವಾಸಿ, ಗೋಕರ್ಣ, ಎಲ್ಲ ಕಡೆಗೂ ಅದರಲ್ಲಿ ಹೋಗಿ ಬಂದೆವು.

ಅಣ್ಣನ ಮಗ ಯಂತ್ರಶಾಸ್ತ್ರದಲ್ಲಿ ಡಿಪ್ಲೊಮಾ ಮಾಡಿದವನು. ಅವನು ಒಂದು ದಿನ ಆ ಬೆಂಕಿಪೆಟ್ಟಿಗೆಯಂಥ ಉಪಕರಣವನ್ನು ತಂದು ಸ್ಟಿಯರಿಂಗಿನ ಕೆಳಗೆ ಎಲ್ಲಿಯೋ ಸಿಕ್ಕಿಸಿದ. ಅಲ್ಲಿ ಹದಿನಾರು ರಂಧ್ರಗಳ ಒಂದು ಕಿಂಡಿ ಇರುವುದೇ ನನಗೆ ತಿಳಿದಿರಲಿಲ್ಲ. ಉಪಕರಣ ತಂತಿಯಿಲ್ಲದೆಯೇ ಫೋನಿಗೆ ಸುದ್ದಿ ಕಳುಹಿಸುತ್ತದೆ. ಫೋನಿನಲ್ಲಿ ಇಂಜಿನ್ನಿನ ನೀರು ಎಷ್ಟು ಕಾಯ್ದಿದೆ, ಇಂಜಿನು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ, ಬ್ಯಾಟರಿಯ ಬಲವೆಷ್ಟು, ಡೀಸೆಲ್ಲಿನ ಒತ್ತಡವೆಷ್ಟು ಎಂಬುದೆಲ್ಲ ಗಳಿಗೆ ಗಳಿಗೆಗೂ ಮೂಡುತ್ತದೆ. ಏನಾದರೂ ಕೆಟ್ಟರೆ ಇಂಜಿನ್ನಿನ ಕಂಪ್ಯೂಟರು ಅದನ್ನು ಐದು ಅಕ್ಷರಗಳ ಒಂದು ಸಂಕೇತವಾಗಿ ಬರೆದಿಟ್ಟುಕೊಂಡು, ಚಾಲಕನ ಮುಂದೆ ಒಂದು ಹಳದಿ ದೀಪ ಹಚ್ಚುತ್ತದೆ. ಯಂತ್ರ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿ, ತನ್ನ ರೋಗದ ಹೆಸರನ್ನು ತಾನೇ ಹೇಳುವುದೆಂದರೆ ಸಾಮಾನ್ಯವೇ? ನನಗೆ ಮೊದಲ ದಿನ ಆದ ಸೋಜಿಗ ಇಂದಿಗೂ ಪೂರ್ತಿ ಕಳೆದಿಲ್ಲ.

ಈ ದೀಪದ ಕಥೆಯನ್ನು ಕೇಳಿದಾಗ ಸೋಜಿಗ ಇನ್ನಷ್ಟು ಹೆಚ್ಚಿತು. ಇದು ಹುಟ್ಟಿದುದು ಮಾಲೀಕನ ಅನುಕೂಲಕ್ಕಾಗಿ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೋಟಾರುಗಳ ಹೊಗೆಯಿಂದ ಊರುಗಳ ಉಸಿರು ಕಟ್ಟಿದಾಗ, ಹೊಗೆಯನ್ನು ತಡೆಯುವ ಭಾಗಗಳು ಕೆಟ್ಟರೆ ಗಾಡಿ ತಾನೇ ಹೇಳಬೇಕು ಎಂದು ಅಲ್ಲಿಯ ಸರ್ಕಾರ ನಿಯಮ ಮಾಡಿತು. 1988ರ ಮಾದರಿಗಳಿಂದ ಅದು ಆರಂಭವಾಯಿತು. 1996ರ ಮಾದರಿಗಳಿಂದ ಅಮೆರಿಕದ ಎಲ್ಲ ಕಾರುಗಳಲ್ಲಿಯೂ ಒಂದೇ ಬಗೆಯ ಕಿಂಡಿ, ಒಂದೇ ಬಗೆಯ ಸಂಕೇತಗಳು ಕಡ್ಡಾಯವಾದವು. ನಮ್ಮ ದೇಶಕ್ಕೆ ಅದು ಭಾರತ್ ಸ್ಟೇಜ್ 4 ಎಂಬ ಹೊಗೆಯ ನಿಯಮಗಳ ಬೆನ್ನಿಗೆ, 2010ರಿಂದ ಈಚೆಗೆ, ಹಂತಹಂತವಾಗಿ ಬಂದಿತು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6ರಲ್ಲಿ ಇನ್ನೂ ಬಿಗಿಯಾಯಿತು. ಎಂದರೆ, ಗಾಡಿಯ ಒಳಗೆ ಕುಳಿತವನಿಗಾಗಿ ಅಲ್ಲ, ಅದರ ಹಿಂದೆ ರಸ್ತೆಯಲ್ಲಿ ನಡೆಯುವವನ ಉಸಿರಿಗಾಗಿ ಹಚ್ಚಿದ ದೀಪ ಅದು. ನನ್ನ ತಪ್ಪು ನೆರೆಯವನಿಗೆ ತಗಲುವಂತಿದ್ದರೆ ಅದು ಬರಿಯ ನನ್ನ ಗುಟ್ಟಾಗಿ ಉಳಿಯಕೂಡದು ಎಂಬ ನೀತಿ ಆ ಸಣ್ಣ ದೀಪದ ಬುಡದಲ್ಲಿದೆ.

ಯಂತ್ರವನ್ನು ಬೈಯುತ್ತ ಹಳೆಯ ಕಾಲವನ್ನು ಹೊಗಳುವ ಬರಹ ಇದಲ್ಲ. ಅಪ್ಪನ ಕಿವಿ ದೊಡ್ಡದು ನಿಜ. ಆದರೆ ಅದು ಅಪ್ಪನೊಬ್ಬನದು, ಅವನೊಡನೆಯೇ ಹೋಯಿತು. ನನಗಾಗಲಿ ಅಣ್ಣನಿಗಾಗಲಿ ಅದು ಪಿತ್ರಾರ್ಜಿತವಾಗಿ ಬರಲಿಲ್ಲ. ರಾಣೆಬೆನ್ನೂರಿನ ನಮ್ಮ ಮಿಸ್ತ್ರಿ ಇಂದಿಗೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಯ ಬಳಿಯ ಎಲುಬಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಾನೆ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಚ್ಚಿ ಕೇಳಿದನಲ್ಲ, ಅದೇ ವಿದ್ಯೆ ಇದು. ಸ್ಕ್ರೂಡ್ರೈವರೂ ಉಪಕರಣವೇ, ಫೋನೂ ಉಪಕರಣವೇ. ಒಂದು ಇಪ್ಪತ್ತು ವರ್ಷದ ಅಭ್ಯಾಸವನ್ನು ಬೇಡುತ್ತದೆ, ಇನ್ನೊಂದು ಬೇಡುವುದಿಲ್ಲ. ಅಭ್ಯಾಸವಿಲ್ಲದ ನನ್ನಂಥವನಿಗೂ ನಾಲ್ಕು ಅಕ್ಷರದ ತಿಳಿವು ದಕ್ಕಿದರೆ ಅದಕ್ಕೆ ಅಸೂಯೆಪಡಬೇಕಾದುದಿಲ್ಲ.

ಆದರೆ ಆ ತಿಳಿವು ಎಷ್ಟರಮಟ್ಟಿನದು ಎಂಬುದನ್ನೂ ಅರಿತಿರಬೇಕು. ದೇವರಗುಡ್ಡದಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ, "ಸದ್ದಲೇ" ಎಂದು ಕೂಗಿ, ಸಾವಿರಾರು ಜನ ಉಸಿರು ಬಿಗಿಹಿಡಿದಾಗ ಒಂದೇ ಒಂದು ವಾಕ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಆಮೇಲೆ ಜನರ ಕೆಲಸ. ಮಳೆಯ ಮಾತೋ, ಬೆಳೆಯ ಮಾತೋ, ರಾಜಕೀಯದ ಮಾತೋ ಎಂದು ಅರ್ಥ ಬಿಡಿಸುತ್ತ ಊರು ಸೇರುತ್ತಾರೆ. ನುಡಿ ಗೊರವಯ್ಯನದು, ಅರ್ಥ ನಮ್ಮದು. ಇಂಜಿನ್ನಿನ ಸಂಕೇತವೂ ಹೀಗೆಯೇ. ನಮ್ಮ ಗಾಡಿ ನುಡಿದ ಕಾರಣಿಕ "ಪಿ 0087" ಎಂದಿತ್ತು.

ಗೋಕರ್ಣದಿಂದ ಕುಮಟಾ, ಶಿರಸಿಯ ಮೇಲೆ ಹಾಯ್ದು ಮರಳುವಾಗ, ದೇವಿಮನೆ ಘಟ್ಟದ ನಡು ಏರಿನಲ್ಲಿ ಹಳದಿ ದೀಪ ಹೊತ್ತಿತು. ಗಾಡಿ ದಮ್ಮು ಕಳೆದುಕೊಂಡಿತು. ಆಕ್ಸಿಲರೇಟರು ಒತ್ತಿದರೂ ಎಳೆಯಲೊಲ್ಲದು. ಅಣ್ಣನ ಮಗ ಫೋನು ನೋಡಿ, "ರೈಲಿನ್ಯಾಗ ಒತ್ತಡ ಕಡಿಮಿ ಐತಿ ಕಾಕಾ" ಎಂದ. ನನಗೆ ಹುಬ್ಬಳ್ಳಿಯ ರೈಲು ನೆನಪಾಯಿತು. ಆಮೇಲೆ ತಿಳಿದುದು ಇದು: ಈಗಿನ ಡೀಸೆಲ್ ಇಂಜಿನ್ನುಗಳಲ್ಲಿ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಒಂದು ದಪ್ಪ ಕೊಳವೆ ಇರುತ್ತದೆ. ನಿಂತಲ್ಲಿಯೇ ಓಡುವಾಗ ಅದರೊಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಎರಡುನೂರೈವತ್ತು ಮುನ್ನೂರು ಪಟ್ಟು. ಭಾರ ಹೊತ್ತು ಏರುವಾಗ ಸಾವಿರ ಪಟ್ಟನ್ನೂ ದಾಟಬೇಕು. ಬೇಕಾದಷ್ಟು ಏರುತ್ತಿಲ್ಲ ಎಂಬುದೊಂದೇ ಆ ಸಂಕೇತದ ಅರ್ಥ. ಏಕೆ ಏರುತ್ತಿಲ್ಲ ಎಂಬುದನ್ನು ಅದು ಹೇಳದು. ಡೀಸೆಲ್ ಫಿಲ್ಟರು ಕಟ್ಟಿರಬಹುದು, ಕೊಳವೆಯಲ್ಲಿ ಗಾಳಿ ಹೊಕ್ಕಿರಬಹುದು, ಪಂಪು ಸವೆದಿರಬಹುದು, ಇಂಜೆಕ್ಟರು ಸೋರುತ್ತಿರಬಹುದು, ಒತ್ತಡವನ್ನು ಅಳೆಯುವ ಸಾಧನವೇ ಕೆಟ್ಟು ಸುಳ್ಳು ಹೇಳುತ್ತಿರಬಹುದು.

ಮಿಸ್ತ್ರಿ ಮೊದಲು ಫಿಲ್ಟರು ಬದಲಿಸಿದ. ದೀಪ ಹಾಗೆಯೇ ಉಳಿಯಿತು. ಬಳಿಕ ಅವನು ಮಾಡಿದ ಪರೀಕ್ಷೆಯನ್ನು ನಾನು ಮರೆಯಲಾರೆ. ಪ್ರತಿಯೊಂದು ಇಂಜೆಕ್ಟರಿನಿಂದ ಮಿಕ್ಕ ಡೀಸೆಲ್ ಮರಳಿ ಹರಿಯುವ ಸಣ್ಣ ನಳಿಗೆಗೆ ಒಂದೊಂದು ಸೀಸೆ ಕಟ್ಟಿ, ನಾಲ್ಕು ಸೀಸೆಗಳನ್ನು ಸಾಲಾಗಿ ತೂಗಹಾಕಿ, ಇಂಜಿನು ಹಚ್ಚಿದ. ಮೂರರಲ್ಲಿ ಡೀಸೆಲ್ ಬೆರಳಷ್ಟು ಏರಿತು. ಮೂರನೆಯ ಇಂಜೆಕ್ಟರಿನ ಸೀಸೆ ಅರ್ಧ ತುಂಬಿತು. "ಇವನ ನೋಡ್ರಿ ಕಳ್ಳ" ಎಂದ ಮಿಸ್ತ್ರಿ. ಫೋನು ಹೇಳದ ಅರ್ಥವನ್ನು ನಾಲ್ಕು ಸೀಸೆಗಳು ಹೇಳಿದವು. ಹೊಸ ಇಂಜೆಕ್ಟರಿಗೆ ಕೂಲಿಯೂ ಸೇರಿ ಹದಿನೆಂಟು ಸಾವಿರ ಆಗುವುದೆಂದು ಅವನು ಲೆಕ್ಕ ಕೊಟ್ಟ.

ಮುಂದಿನ ಸಂಗತಿಗಾಗಿಯೇ ನಾನು ಇಷ್ಟೆಲ್ಲ ವಿವರಿಸಿದ್ದು. ನಮಗೆ ಸಂಶಯವಲ್ಲ, ಖಾತ್ರಿಯಾಗಿ ತಿಳಿದಿತ್ತು. ಯಾವ ಭಾಗ, ಎಷ್ಟು ಕೆಟ್ಟಿದೆ, ಎಷ್ಟು ಖರ್ಚು, ಎಲ್ಲವೂ ತಿಳಿದಿತ್ತು. ಅದೇ ಸಮಯಕ್ಕೆ ಮನೆಯಲ್ಲಿ ಬೇರೆ ಖರ್ಚುಗಳು ಬಂದವು. ಗಾಡಿಯನ್ನು ಮಾರಿಬಿಡೋಣವೆಂದು ಮಾತಾಯಿತು. ಕೊಳ್ಳುವವನು ನಮ್ಮೂರಿನವನೇ, ನನ್ನ ಹಳೆಯ ವಿದ್ಯಾರ್ಥಿ. ರಾಣೆಬೆನ್ನೂರಿನ ಸುತ್ತಮುತ್ತ ತರಕಾರಿಯ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಿವೆಯಲ್ಲ, ಅಲ್ಲಿ ಹೂವಿಗೆ ಹೂ ಕೂಡಿಸುವ ಸೂಕ್ಷ್ಮ ಕೆಲಸವನ್ನು ಹೆಣ್ಣುಮಕ್ಕಳು ಮಾಡುತ್ತಾರೆ. ಅಂಥ ಕೂಲಿಯವರನ್ನು ಬೆಳಗಿನ ಹೊತ್ತಿಗೆ ಹೊಲಕ್ಕೆ ಮುಟ್ಟಿಸುವ ಗುತ್ತಿಗೆ ಅವನಿಗೆ ಸಿಕ್ಕಿತ್ತು. ಮಂಚ ತೆಗೆದು ಸೀಟು ಹಾಕಿಸುವವನಿದ್ದ. ಸಾಲ ಮಾಡಿದ್ದ.

ಅವನು ಬರುವ ಹಿಂದಿನ ರಾತ್ರಿ ಅಣ್ಣನ ಮಗ ಫೋನು ತೆಗೆದ. ಸಂಕೇತಗಳನ್ನು ಅಳಿಸುವ ಗುಂಡಿಯೊಂದು ಅದರಲ್ಲಿದೆ. ರಿಪೇರಿ ಆದ ಮೇಲೆ ಮಿಸ್ತ್ರಿಗಳು ಬಳಸಲೆಂದು ಇಟ್ಟದ್ದು. "ದೀಪ ಆರಿಸಿಬಿಡ್ತೀನಿ ಕಾಕಾ. ಮತ್ತ ಹತ್ತಾಕ ನಾಕ ದಿನಾ ಬೇಕು" ಎಂದ. ಒತ್ತಿದ ಕೂಡಲೇ ಯಂತ್ರ ಒಮ್ಮೆ ತಡೆದು, ಅಳಿಸುವುದು ನಿಶ್ಚಯವೇ ಎಂದು ಕೇಳಿತು. ಯಂತ್ರ ಕೇಳಿತು, ನಾನು ಕೇಳಲಿಲ್ಲ. ದೀಪ ಆರಿತು. ಹುಡುಗ ಊರ ಸುತ್ತ ಒಂದೆರಡು ಸುತ್ತು ಓಡಿಸಿ ತಂದು ನಿಲ್ಲಿಸಿದ.

ಬೆಳಗ್ಗೆ ವಿದ್ಯಾರ್ಥಿ ಬಂದ. ಕಾಲು ಮುಟ್ಟಿ ನಮಸ್ಕರಿಸಿದ. ಗಾಡಿಯನ್ನು ಸುತ್ತಿ ನೋಡಿ, "ಏನರ ತಕರಾರು ಐತೇನ್ರಿ ಸರ?" ಎಂದು ಕೇಳಿದ. ನಾನು ಉತ್ತರ ಕೊಟ್ಟೆ: "ಗಾಡಿ ನಿನ್ನ ಮುಂದೆಯೇ ಇದೆಯಲ್ಲಪ್ಪ, ಓಡಿಸಿ ನೋಡಿಕೊ." ಈ ವಾಕ್ಯದಲ್ಲಿ ಸುಳ್ಳಿನ ಒಂದಕ್ಷರವಿಲ್ಲ. ಇಪ್ಪತ್ತು ವರ್ಷ ಭಾಷೆ ಕಲಿಸಿದ ಫಲ ಅದು.

ಅವನ ಜೊತೆಗೆ ಗ್ಯಾರೇಜಿನ ಒಬ್ಬ ಹುಡುಗ ಬಂದಿದ್ದ. ಅವನ ಜೇಬಿನಲ್ಲಿಯೂ ಅದೇ ಬೆಂಕಿಪೆಟ್ಟಿಗೆ! ಸಿಕ್ಕಿಸಿ ನೋಡಿ, "ಸಂಕೇತ ಒಂದೂ ಇಲ್ಲ" ಎಂದ. ನನ್ನ ಎದೆ ಇಳಿಯಿತು. ಹುಡುಗ ಮತ್ತೊಂದು ಪುಟ ತಿರುವಿದ. ನನಗೆ ತಿಳಿಯದ ಸಂಗತಿಯೊಂದು ಅಲ್ಲಿತ್ತು. ಸಂಕೇತವನ್ನು ಅಳಿಸಿದರೆ ಕಂಪ್ಯೂಟರು ತನ್ನ ಸ್ವಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಆರಂಭಿಸುತ್ತದೆ. ಅವು ಮುಗಿಯುವ ತನಕ 'ಇನ್ನೂ ಮುಗಿದಿಲ್ಲ' ಎಂದು ತೋರಿಸುತ್ತದೆ. ಅಷ್ಟೇ ಅಲ್ಲ, ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬುದನ್ನೂ ಎಣಿಸಿಟ್ಟಿರುತ್ತದೆ. ಹುಡುಗ ಫೋನನ್ನು ನನ್ನ ವಿದ್ಯಾರ್ಥಿಯ ಮುಂದೆ ಹಿಡಿದ. ಅಲ್ಲಿ 14 ಕಿಲೋಮೀಟರು ಎಂದಿತ್ತು.

ಅವನು ಓದಿದ. ನನ್ನ ಕಡೆ ನೋಡಲಿಲ್ಲ. ಅದೇ ಅವನು ನನಗೆ ತೋರಿದ ದೊಡ್ಡ ಮರ್ಯಾದೆ. ಚಹ ಕುಡಿದು ಎದ್ದು ನಿಂತಾಗ ಮೆಲ್ಲಗೆ, "ನೀವು ಹೇಳಿದ್ರ ನಾ ತಗೋತಿದ್ದೆರಿ ಸರ. ಸ್ವಲ್ಪ ಕಡಿಮಿಗೆ ಕೇಳ್ತಿದ್ದೆ, ಅಷ್ಟ" ಎಂದು ಹೊರಟುಹೋದ.

ಆ ಮೇಲೆ ಅಣ್ಣನ ಮಗನೂ ನಾನೂ ವಾದ ಮಾಡಿದೆವು. ಅವನು ನನ್ನ ಪರವಾಗಿಯೇ ವಾದಿಸಿದ. ಅದರಿಂದ ನನಗೆ ಹೆಚ್ಚು ನೋವಾಯಿತು. ಅವನ ಮೊದಲ ವಾದ ಹೀಗಿತ್ತು: ನಾವು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆವು, ಸುಮ್ಮನಿರುವುದು ಅಪರಾಧವೇ? ವಕೀಲ ಗೆಳೆಯರೊಬ್ಬರು 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮನ್ನು ನನಗೆ ತೋರಿಸಿದರು. ಬರಿಯ ಮೌನ ವಂಚನೆಯಲ್ಲವೆಂದು ಅಲ್ಲಿಯೂ ಹೇಳಿದೆ. ಉದಾಹರಣೆಗೆ ಕೊಟ್ಟಿರುವುದು ಒಂದು ಕುದುರೆ. ಹರಾಜಿನಲ್ಲಿ ಕುದುರೆ ಮಾರುವವನು ಅದರ ದೋಷ ತಿಳಿದೂ ಸುಮ್ಮನಿದ್ದರೆ ವಂಚನೆಯಲ್ಲ. ಆದರೆ ಕೊಳ್ಳುವವಳು ಈಗಷ್ಟೆ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ, ಆ ಸಂಬಂಧವೇ ಹೇಳುವ ಕರ್ತವ್ಯವನ್ನು ಹುಟ್ಟಿಸುತ್ತದೆ. 'ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ' ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ ಆ ಮೌನವೂ ಮಾತೇ. ಇನ್ನು, ತಿಳಿದ ಸಂಗತಿಯನ್ನು ಕೈಯಾರೆ ಮರೆಮಾಡಿದರಂತೂ ಅದು ನೇರವಾಗಿ ವಂಚನೆ. ಒಂದೂವರೆ ಶತಮಾನದ ಹಿಂದೆ ಈ ಕಲಮನ್ನು ಬರೆದವರು ಮೋಟಾರನ್ನು ಕಂಡವರಲ್ಲ. ಆದರೂ ನನ್ನ ಅಂಗಳದಲ್ಲಿ ನಿಂತು ನೋಡಿ ಬರೆದಂತಿದೆ. ಕಾಲು ಮುಟ್ಟಿದ ಶಿಷ್ಯ, ನೇರವಾಗಿ ಕೇಳಿದ ಪ್ರಶ್ನೆ, ಆರಿಸಿದ ದೀಪ, ಮೂರೂ ಅಲ್ಲಿದ್ದವು.

ಎರಡನೆಯ ವಾದ: ಅವನಿಗೂ ಯಂತ್ರವಿತ್ತಲ್ಲ, ನೋಡಿಕೊಂಡನಲ್ಲ, ಈಗಿನ ಕಾಲದಲ್ಲಿ ಎಲ್ಲರೂ ಪರೀಕ್ಷಿಸಿಯೇ ಕೊಳ್ಳುತ್ತಾರೆ, ಹೇಳುವ ಹೊಣೆ ಏಕೆ? ಈ ವಾದ ನನಗೆ ನಿಜವಾಗಿಯೂ ಅಪಾಯದ್ದೆನಿಸುತ್ತದೆ. ಉಪಕರಣಗಳು ಹೆಚ್ಚಿದಂತೆಲ್ಲ ನಾವು ಒಬ್ಬರ ಮಾತನ್ನೊಬ್ಬರು ಕೇಳುವ ಅವಶ್ಯಕತೆ ಕಡಿಮೆಯಾಗುತ್ತದೆ ಎಂದು ಅದು ಹೇಳುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೋ ತನ್ನ ಕರ್ತವ್ಯಗಳ ಗ್ರಂಥದಲ್ಲಿ ಇಂಥದೇ ಒಂದು ಸಮಸ್ಯೆಯನ್ನು ಚರ್ಚಿಸಿದ್ದಾನೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಧಾನ್ಯದ ಹಡಗು ತರುತ್ತಾನೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೆ ಮಾತ್ರ ಗೊತ್ತು. ಹೇಳಿದರೆ ಬೆಲೆ ಬೀಳುತ್ತದೆ. ಹೇಳಬೇಕೆ? ಕಾನೂನು ಕೇಳಿದಷ್ಟನ್ನು ಹೇಳಿದರೆ ಸಾಕೆಂದು ಒಬ್ಬ ತತ್ತ್ವಜ್ಞ. ಮನುಷ್ಯರೆಲ್ಲ ಒಂದೇ ಸಮಾಜದವರಾದ ಮೇಲೆ ಎಲ್ಲವನ್ನೂ ಹೇಳಬೇಕೆಂದು ಇನ್ನೊಬ್ಬ. ಮರೆಮಾಡಬಾರದಿತ್ತು ಎಂದೇ ಸಿಸೆರೋನ ತೀರ್ಪು. ರೋಡ್ಸಿನವರ ಕೈಯಲ್ಲಿ ದುರ್ಬೀನು ಇದ್ದಿದ್ದರೆ ಆ ತೀರ್ಪು ಬದಲಾಗುತ್ತಿತ್ತೆ? ಇಲ್ಲವೆಂದು ನನ್ನ ನಂಬಿಕೆ. ನೋಡುವ ಸಾಧನ ಅವರಿಗಿದ್ದ ಮಾತ್ರಕ್ಕೆ ನನ್ನ ನಾಲಗೆಗೆ ರಜೆ ಸಿಗುವುದಿಲ್ಲ. ಯಂತ್ರ ಹುಡುಕುವುದು ತಪ್ಪನ್ನು. ಶಿಷ್ಯ ಹುಡುಕುತ್ತಿದ್ದುದು ತಪ್ಪನ್ನಲ್ಲ, ನಂಬಬಹುದಾದ ಒಬ್ಬನನ್ನು.

ಮೂರನೆಯ ವಾದ, ಎಲ್ಲರೂ ಮಾಡುತ್ತಾರೆ ಎಂಬುದು. ಅದು ನಿಜ, ದೊಡ್ಡವರೂ ಮಾಡಿದ್ದಾರೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳ ಕಂಪ್ಯೂಟರಿಗೆ, ಪರೀಕ್ಷೆ ನಡೆಯುತ್ತಿದೆಯೆಂದು ಗುರುತು ಹಿಡಿದು ಆಗ ಮಾತ್ರ ಹೊಗೆಯನ್ನು ತಗ್ಗಿಸುವಂತೆ ಕಲಿಸಿತ್ತು. 2015ರ ಸೆಪ್ಟೆಂಬರಿನಲ್ಲಿ ಅದು ಬಯಲಾದಾಗ, ಪ್ರಪಂಚದಲ್ಲಿ ಅಂಥ ಒಂದು ಕೋಟಿ ಹತ್ತು ಲಕ್ಷ ವಾಹನಗಳಿರುವುದಾಗಿ ಕಂಪನಿಯೇ ಒಪ್ಪಿಕೊಂಡಿತು. ಹೊರಬಿದ್ದುದು ಹೇಗೆ? ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಸಾಧನವನ್ನು ಕಾರಿಗೆ ಕಟ್ಟಿಕೊಂಡು ನಿಜವಾದ ರಸ್ತೆಯಲ್ಲಿ ಓಡಿಸಿ ನೋಡಿದ್ದರಿಂದ. ಯಂತ್ರ ತಾನಾಗಿ ಸುಳ್ಳು ಹೇಳುವುದಿಲ್ಲ. ಹೇಳೆಂದು ಕಲಿಸಿದರೆ ನಮಗಿಂತ ಜಾಣತನದಿಂದ ಹೇಳುತ್ತದೆ. ಅವರದು ಕೋಟಿಯ ಲೆಕ್ಕ, ನನ್ನದು ಒಂದರ ಲೆಕ್ಕ. ಜಾತಿ ಒಂದೇ.

ಕನ್ನಡ ಮೇಷ್ಟ್ರಾದ ನನಗೆ ಇವೆಲ್ಲಕ್ಕಿಂತ ಮೊದಲು ನೆನಪಾಗಬೇಕಾಗಿದ್ದುದು ಧರ್ಮರಾಯನ ರಥ. ಅವನು ಸತ್ಯವಂತನಾದ್ದರಿಂದ ಅವನ ರಥ ನೆಲದಿಂದ ನಾಲ್ಕು ಅಂಗುಲ ಮೇಲೆಯೇ ಚಲಿಸುತ್ತಿತ್ತಂತೆ. ಅಶ್ವತ್ಥಾಮ ಸತ್ತನೆಂದು ದೊಡ್ಡ ದನಿಯಲ್ಲಿಯೂ, ಆನೆ ಎಂಬುದನ್ನು ಸಣ್ಣ ದನಿಯಲ್ಲಿಯೂ ನುಡಿದ ಕೂಡಲೆ ಗಾಲಿಗಳು ನೆಲ ಮುಟ್ಟಿದವು. ಮಾತಿನಲ್ಲಿ ಸುಳ್ಳಿರಲಿಲ್ಲ, ದನಿಯ ಏರಿಳಿತದಲ್ಲಿತ್ತು. ಅದನ್ನು ದ್ರೋಣ ಕಂಡುಹಿಡಿಯಲಿಲ್ಲ. ಆ ಮಾತನ್ನು ನಂಬಿ ಶಸ್ತ್ರವಿಟ್ಟ. ಕಂಡುಹಿಡಿದುದು ಗಾಡಿ. ಏರಿಸಿದವನ ತಪ್ಪನ್ನು ಹೇಳುವ ವಾಹನವನ್ನು ನಮ್ಮ ಹಿಂದಿನವರು ಕಲ್ಪಿಸಿಕೊಂಡಿದ್ದರು. ನಾವು ಕಟ್ಟಿರುವುದು ತನ್ನ ತಪ್ಪನ್ನು ಮಾತ್ರ ಹೇಳುವ ವಾಹನವನ್ನು. ಹಾಗೆಂದು ತಿಳಿದಿದ್ದೆ. ಆದರೆ ಆ '14 ಕಿಲೋಮೀಟರು' ಯಾರ ತಪ್ಪನ್ನು ಹೇಳಿತು? ಇಂಜೆಕ್ಟರಿನದಲ್ಲವಷ್ಟೆ!

ಇಲ್ಲಿಗೆ ನನ್ನ ಲೆಕ್ಕ ಮುಗಿಯುತ್ತದೆ. ಈ ಉಪಕರಣಗಳು ನಮಗೆ ತಿಳಿವನ್ನು ಕೊಟ್ಟವು. ಕೊಡುವಾಗಲೇ ನಮ್ಮ ಕೈಯಿಂದ ಒಂದನ್ನು ಕಸಿದುಕೊಂಡವು. 'ನನಗೆ ಗೊತ್ತಿರಲಿಲ್ಲ' ಎಂಬ ನೆಪವನ್ನು. ಗಾಡಿಯ ಹೊಟ್ಟೆಯೊಳಗಿನದು ಯಾರಿಗೂ ಕಾಣದಿದ್ದ ಕಾಲದಲ್ಲಿ ಮಾರುವವನ ಮೌನಕ್ಕೆ ಅಜ್ಞಾನದ ಆಸರೆ ಇತ್ತು. ಈಗ ಇಲ್ಲ. ತಿಳಿಯುವ ಶಕ್ತಿ ಬೆಳೆದಷ್ಟೂ ಹೇಳುವ ಹೊಣೆ ಬೆಳೆಯಬೇಕು. ಅದು ಬೆಳೆಯದಿದ್ದರೆ ತಿಳಿವು ಬರಿಯ ಜಾಣತನವಾಗುತ್ತದೆ. ಬಾಯಿಲ್ಲದ ಎತ್ತಿನ ಪರವಾಗಿ ಅಪ್ಪ ಮಾತಾಡಿದ. ಬಾಯಿ ಬಂದ ಗಾಡಿಯ ಬಾಯಿಯನ್ನು ನಾನು ಮುಚ್ಚಿಸಿದೆ.

ಮೂರನೆಯ ದಿನ ದೀಪ ಮತ್ತೆ ಹೊತ್ತಿತು. ಗಾಡಿಯನ್ನು ಮಿಸ್ತ್ರಿಯ ಬಳಿಗೆ ಒಯ್ದೆವು. ಹೊಸ ಇಂಜೆಕ್ಟರು ಬಂದಿತು. ಸೀಸೆಗಳಲ್ಲಿ ಡೀಸೆಲ್ ಸಮನಾಗಿ ಏರಿತು. ಮಿಸ್ತ್ರಿ ಪದ್ಧತಿಯಂತೆ ಅಳಿಸುವ ಗುಂಡಿಗೆ ಕೈ ಹಾಕಿದಾಗ, "ಬೇಡ, ಅದು ತಾನೇ ಆರಲಿ" ಎಂದೆ. ಅವನು ನಕ್ಕ. ತಾನೇ ಆರುವ ದಾರಿಯೂ ಉಂಟು. ತಪ್ಪು ಮರುಕಳಿಸದೆ ಸರಿಯಾಗಿ ಮೂರು ಓಟ ಓಡಿದರೆ ದೀಪ ಆರುತ್ತದೆ. ಆದರೆ ಸಂಕೇತ ನೆನಪಿನಲ್ಲಿ ಉಳಿಯುತ್ತದೆ. ಇಂಜಿನು ತಪ್ಪಿಲ್ಲದೆ ನಲವತ್ತು ಸಲ ಕಾಯ್ದು ತಣಿದ ಮೇಲೆಯೇ ಅದು ಮಾಯುವುದು. ಹೊರಗಿನಿಂದ ಯಾರೂ ಅಳಿಸಲಾಗದ, ಗಾಡಿಯೇ ಸರಿಯಾಗಿ ಓಡಿ ತೋರಿಸಿದ ಮೇಲಷ್ಟೇ ಅಳಿಯುವ ಸಂಕೇತಗಳೂ 2010ರ ಸುಮಾರಿನಿಂದ ಅಮೆರಿಕದ ಗಾಡಿಗಳಲ್ಲಿ ಬಂದಿವೆಯಂತೆ. ಪ್ರಾಯಶ್ಚಿತ್ತದ ಬಗ್ಗೆ ನಮ್ಮ ಧರ್ಮಶಾಸ್ತ್ರಗಳಲ್ಲಿ ಓದಿದ್ದೇನೆ. ಇದಕ್ಕಿಂತ ಸ್ಪಷ್ಟವಾದ ವಿಧಿಯನ್ನು ಕಂಡ ನೆನಪಿಲ್ಲ.

ಶಿಷ್ಯನ ಮನೆಗೆ ಹೋಗಿ, ನಡೆದುದನ್ನು ನನ್ನ ಬಾಯಿಯಿಂದಲೇ ಹೇಳಿ ಬಂದೆ. ಅವನು ಅಷ್ಟರಲ್ಲಿ ಬೇರೊಂದು ಗಾಡಿ ಕೊಂಡಿದ್ದ. "ಇರಲಿ ಬಿಡ್ರಿ ಸರ" ಎಂದ. ಅವನ ಹೆಂಡತಿ ಚಹ ಕೊಟ್ಟಳು. ಅವನ ದೀಪ ಆರಿದೆಯೋ ಇಲ್ಲವೋ ತಿಳಿಯುವ ಉಪಕರಣ ನನ್ನ ಬಳಿ ಇಲ್ಲ.

ನಮ್ಮ ವ್ಯಾನು ಬೇವಿನ ಗಿಡದ ಕೆಳಗೆ ನಿಂತಿದೆ. ಇದನ್ನು ಬರೆಯುವ ಹೊತ್ತಿಗೆ ಇಪ್ಪತ್ತೇಳು ಸಲ ಕಾಯ್ದು ತಣಿದಿದೆ. ಇನ್ನು ಹದಿಮೂರು. ಆ ಮೇಲೆ ಯಂತ್ರ ಮರೆಯುತ್ತದೆ. ಯಾರ ಬೆಂಕಿಪೆಟ್ಟಿಗೆಗೂ ಆಗ ಏನೂ ಕಾಣಿಸದು. ಕೊಳ್ಳಲು ಯಾರಾದರೂ ಬಂದು ಏನಾದರೂ ತಕರಾರಿತ್ತೇ ಎಂದು ಕೇಳಿದರೆ, ಮೂರನೆಯ ಇಂಜೆಕ್ಟರಿನ ಕಥೆಯನ್ನು ಹೇಳಲು ಉಳಿದಿರುವುದು ನನ್ನ ಬಾಯಿ ಒಂದೇ.